ಒಣ ಬೇಸಾಯಗಾರನ ಬಾಡಿಗೆ ಮನೆ: ಕಾಗದ, ಕಂತು, ಲೆಕ್ಕ

ರೈತರ ಪತ್ರಿಕೆಯಲ್ಲಿ ಬಾಡಿಗೆ ಮನೆ ವಿಷಯ ಯಾಕೆ ಅಂತ ಕೆಲವರು ಕೇಳಬಹುದು. ನಮ್ಮಂಥ ಒಣ ಬೇಸಾಯದವರಿಗೆ ಇದು ಬೇಸಾಯದ ವಿಷಯವೇ. ಹೊಲದಿಂದ ವರ್ಷಕ್ಕೆ ಒಮ್ಮೆ ರೊಕ್ಕ ಬರುತ್ತದೆ. ಮಳೆ ಹೋದರೆ ಅದೂ ಇಲ್ಲ. ಖರ್ಚು ಮಾತ್ರ ತಿಂಗಳು ತಿಂಗಳು ಬರುತ್ತದೆ. ನೌಕರಿಯವರಿಗೆ ಪಗಾರ ಇದೆ, ಆಮೇಲೆ ಪೆನ್ಶನ್ ಇದೆ. ನಮಗೆ ಎರಡೂ ಇಲ್ಲ. 2019ರಿಂದ ಬರುವ ಪಿಎಂ ಕಿಸಾನ್ ರೊಕ್ಕ ವರ್ಷಕ್ಕೆ 6,000 ರೂಪಾಯಿ, ಅಂದರೆ ತಿಂಗಳಿಗೆ 500. ಅರವತ್ತು ದಾಟಿದ ಮೇಲೆ ಕೂರಿಗೆ ಹಿಡಿಯಲು ಕೈ ನಡುಗಿದರೆ ಏನು ಮಾಡಬೇಕು? ಈ ವಿಚಾರದಿಂದ ನಾವು ಜಮಖಂಡಿಯಲ್ಲಿ ಒಂದು ಸಣ್ಣ ಮನೆ ಕೊಂಡು ಬಾಡಿಗೆಗೆ ಕೊಟ್ಟಿದ್ದೇವೆ. ಕೊಂಡದ್ದು 2022ರ ಏಪ್ರಿಲ್‌ನಲ್ಲಿ. ಆಮೇಲೆ ಒಂದು ದೊಡ್ಡ ಬರವನ್ನೂ ಈ ಮನೆ ಕಂಡಿದೆ. ಹಾಗಾಗಿ ಬರೆಯುವಷ್ಟು ಲೆಕ್ಕ ಕೈಯಲ್ಲಿ ಇದೆ.

ನಮ್ಮೂರು ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿ. ಕೃಷ್ಣಾ ನದಿಗೆ 1989ರಲ್ಲಿ ರೈತರೇ ರೊಕ್ಕ ಹಾಕಿ, ಶ್ರಮದಾನ ಮಾಡಿ ಬ್ಯಾರೇಜ್ ಕಟ್ಟಿದ ಊರು ಅಂದರೆ ಬಹಳ ಮಂದಿಗೆ ಗೊತ್ತು. ಸಿದ್ದು ನ್ಯಾಮಗೌಡರು ಮುಂದೆ ನಿಂತು ಕೃಷ್ಣಾ ತೀರ ರೈತ ಸಂಘದಿಂದ ಮಾಡಿಸಿದ ಕೆಲಸ. 'ಶ್ರಮಬಿಂದು ಸಾಗರ' ಅಂತ ಅದಕ್ಕೆ ಹೆಸರು. ಅದರಿಂದ ದಂಡೆಯ ಹೊಲಗಳಿಗೆ ಕಬ್ಬು ಬಂತು. ಆದರೆ ಊರೆಲ್ಲ ದಂಡೆಯಲ್ಲಿ ಇರುವುದಿಲ್ಲ. ನನ್ನ 9 ಎಕರೆ ಎರಿ ಹೊಲ ಮೇಲ್ಗಡೆ ಇದೆ. ಹಿಂಗಾರಿ ಬಿಳಿಜೋಳ, ಕಡಲೆ, ಸಾಲಿನ ನಡುವೆ ಕುಸುಬೆ. ಮಳೆಯೇ ನಮ್ಮ ಮಾಲಕ.

ಹೊಲಕ್ಕೆ ಮೊದಲು, ಮನೆಗೆ ಆಮೇಲೆ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಲದ ಬದು ಒಡೆದು ನಿಂತಿರುವಾಗ ಪೇಟೆಯಲ್ಲಿ ಮನೆ ಕೊಳ್ಳುವುದು ಬೇಡ. ನಾವು ಮೊದಲು ಬದು ಗಟ್ಟಿ ಮಾಡಿಸಿದೆವು, ಕೃಷಿ ಹೊಂಡ ತೆಗೆಸಿದೆವು, ಎರಡು ಎಮ್ಮೆ ಕಟ್ಟಿದೆವು. ಈ ಮೂರರಿಂದ ಮನೆಯ ಹಿಟ್ಟು ಮತ್ತು ದಿನದ ಚಿಲ್ಲರೆ ನಡೆಯುತ್ತದೆ. ಅದರ ಮೇಲೆ ಉಳಿದದ್ದು ಉಳಿತಾಯ.

ಉಳಿತಾಯ ಒಮ್ಮೆಲೇ ಆಗಲಿಲ್ಲ. 2009ರಿಂದ ಪೋಸ್ಟ್ ಆಫೀಸಿನಲ್ಲಿ ಆರ್‌ಡಿ ಕಟ್ಟುತ್ತ ಬಂದೆವು. ಹಾಲಿನ ರೊಕ್ಕ ಅದಕ್ಕೆ. ಕಡಲೆ ಮಾರಿದ ವರ್ಷ ಒಂದಿಷ್ಟು ಗಂಟು ಬ್ಯಾಂಕಿನಲ್ಲಿ ಠೇವಣಿ. ಮಗ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವನದೂ ಸ್ವಲ್ಪ ಕೂಡಿತು. ಹದಿಮೂರು ವರ್ಷಕ್ಕೆ 8 ಲಕ್ಷ ಮತ್ತು ಅದರ ಮೇಲೆ ಕೈಗಾವಲಿಗೆ ಒಂದಿಷ್ಟು ಆಯಿತು. ಈ ಕೈಗಾವಲು ರೊಕ್ಕವನ್ನು ಮನೆಗೆ ಹಾಕಲಿಲ್ಲ. ಅದರ ಉಪಯೋಗ ಏನಾಯಿತು ಅಂತ ಮುಂದೆ ಹೇಳುತ್ತೇನೆ.

ಮಗನ ಲೆಕ್ಕ ಬೇರೆ ಇತ್ತು. "ಅಪ್ಪಾ, ಬ್ಯಾಂಕಿನ್ಯಾಗ ಇಟ್ರ ಬಡ್ಡಿ ಬರತೈತಿ, ಮನಿ ಉಸಾಬರಿ ಯಾಕ?" ಅಂದ. ಅದೂ ಸುಳ್ಳಲ್ಲ. ಆದರೆ ನಮ್ಮ ಮನೆಯಾಕಿ ಹೇಳಿದ ಮಾತು ನನಗೆ ಹಿಡಿಸಿತು. "ಬ್ಯಾಂಕಿನ್ಯಾಗಿನ ರೊಕ್ಕ ಯಾರದರ ಮದುವಿ ಬಂದ್ರ ಮುರದ ಹೋಗತೈತಿ. ಗ್ವಾಡಿ ಮುರದು ಯಾರೂ ಮದುವಿ ಮಾಡೂದಿಲ್ಲ."

ಬಾಡಿಗೆದಾರ ಯಾರು ಅಂತ ಮೊದಲು ನೋಡಬೇಕು

ಮನೆ ನೋಡುವ ಮೊದಲು ಬಾಡಿಗೆಗೆ ಬರುವವರನ್ನು ನೋಡಬೇಕು. ಬೀಜ ಕೊಳ್ಳುವ ಮೊದಲು ಹೊಲದ ಗುಣ ನೋಡುತ್ತೇವಲ್ಲ, ಹಾಗೆ. ಮೂರು ನಾಲ್ಕು ತಿಂಗಳು ನಾನು ಸಂತೆಗೆ ಹೋದಾಗೆಲ್ಲ ಇದನ್ನೇ ವಿಚಾರಿಸಿದೆ.

ಜಮಖಂಡಿಯಲ್ಲಿ ಕಾಲೇಜು ಹುಡುಗರು, ಮಾಸ್ತರರು, ಬ್ಯಾಂಕಿನವರು, ಬಸ್ ಡಿಪೋದವರು, ದವಾಖಾನೆಯವರು ಬಾಡಿಗೆಗೆ ಬರುತ್ತಾರೆ. ಹುಡುಗರಿಗೆ ಕೊಟ್ಟರೆ ಬಾಡಿಗೆ ಸ್ವಲ್ಪ ಹೆಚ್ಚು, ಆದರೆ ಪರೀಕ್ಷೆ ಮುಗಿದ ಮೇಲೆ ಮನೆ ಖಾಲಿ. ಕಾರ್ಖಾನೆ ಹಂಗಾಮಿನ ಕೆಲಸದವರೂ ಹಾಗೇ. ಕಬ್ಬು ನುರಿಸುವುದು ನಿಂತಿತು ಅಂದರೆ ಊರಿಗೆ ಹೋಗುತ್ತಾರೆ. ಕಾಯಂ ಕೆಲಸದವರ ಕುಟುಂಬ ಆದರೆ ಬಾಡಿಗೆ ನೂರಿನ್ನೂರು ಕಡಿಮೆ ಬಂದರೂ ಹನ್ನೆರಡು ತಿಂಗಳು ಬರುತ್ತದೆ.

ರಬಕವಿ–ಬನಹಟ್ಟಿಯ ಲೆಕ್ಕ ಬೇರೆ. ಅದು ನೇಕಾರರ ಊರು. ಅಲ್ಲಿ ಬಾಡಿಗೆದಾರ ಮಗ್ಗ ಹಾಕಲು ಜಾಗ ಐತೇನು, ಕರೆಂಟು ತಾಳತೈತೇನು ಅಂತ ಕೇಳುತ್ತಾನೆ. ಪಾವರ್‌ಲೂಮ್ ನಡುಕಕ್ಕೆ ಹಳೆ ಗೋಡೆ ಬಿರುಕು ಬಿಡುತ್ತದೆ. ನೇಕಾರಿಕೆ ಗೊತ್ತಿಲ್ಲದ ನಮ್ಮಂಥವರು ಅಲ್ಲಿ ಕೊಳ್ಳುವುದಾದರೆ ಗೊತ್ತಿದ್ದವರನ್ನು ಕೂಡಿಕೊಂಡು ನೋಡಬೇಕು. ಬಾಗಲಕೋಟೆ ನವನಗರದಲ್ಲಿ ಬೇಡಿಕೆ ಬಹಳ. ಆಲಮಟ್ಟಿ ಹಿನ್ನೀರಿನಿಂದ ಮನೆ ಕಳಕೊಂಡವರಿಗಾಗಿ ಕಟ್ಟಿದ ಊರು ಅದು. ಜಿಲ್ಲಾ ಕಚೇರಿಗಳಿವೆ, 2008ರಲ್ಲಿ ಆದ ತೋಟಗಾರಿಕೆ ವಿಶ್ವವಿದ್ಯಾಲಯ ಬಾಗಲಕೋಟೆಯಲ್ಲೇ ಇದೆ. ಆದರೆ ಅಲ್ಲಿಯ ದರ ನಮ್ಮ ಕೈಗೆ ಎಟುಕಲಿಲ್ಲ. ಮೇಲಾಗಿ ದೂರ. ನಲ್ಲಿ ಸೋರಿತು ಅಂದರೆ ಬಸ್ ಹಿಡಿದು ಹೋಗಿ ಅದೇ ದಿನ ಹಾಲು ಹಿಂಡುವ ಹೊತ್ತಿಗೆ ಮನೆಗೆ ಬರುವಂತಿರಬೇಕು. ಅದಕ್ಕೆ ಜಮಖಂಡಿ ಅಂತ ನಿಕ್ಕಿ ಮಾಡಿದೆವು.

ನೋಡಿ ಬಿಟ್ಟ ಮೂರು ಆಸ್ತಿ

ಕೊಂಡ ಮನೆಗಿಂತ ಬಿಟ್ಟವುಗಳಿಂದ ತಿಳಿಯುವುದು ಹೆಚ್ಚು.

ಮೊದಲನೇದು ಊರ ಹೊರಗಿನ ಗುಂಟೆ ಪ್ಲಾಟು. ದರ ಅಗ್ಗ. ಹೊಲದಲ್ಲೇ ಕಲ್ಲು ನೆಟ್ಟು, ಮೊರಂ ಹಾಕಿ ದಾರಿ ಮಾಡಿದ್ದರು. ಬಿನ್‌ಶೇತ್ಕಿ ಆಗಿಲ್ಲ, ಅಂದರೆ ಎನ್‌ಎ ಆದೇಶ ಇಲ್ಲ. "ಬಾಂಡ್ ಮ್ಯಾಲೆ ಬರಕೊಡ್ತೀನ್ರಿ, ಎಲ್ಲಾರೂ ಹಂಗ ತಗೊಂಡಾರ" ಅಂದರು. ಎಲ್ಲರೂ ತೆಗೆದುಕೊಂಡರೆ ಅದು ಕಾಯ್ದೆ ಆಗುವುದಿಲ್ಲ. ಹೊಲ ಹೊಲವಾಗಿಯೇ ಇರುವ ತನಕ ಅಲ್ಲಿ ಕಟ್ಟಿದ ಮನೆಗೆ ಸರಿಯಾದ ಪರವಾನಗಿ ಇಲ್ಲ, ಬ್ಯಾಂಕಿನ ಸಾಲ ಇಲ್ಲ. ನೋಂದಣಿ ಆಗದ ಬಾಂಡ್ ಕಾಗದ ಮಾಲಕತ್ವ ಕೊಡುವುದಿಲ್ಲ. ನಾಳೆ ಮಾಲಕರ ಮಕ್ಕಳು ಬಂದು ಇದು ನಮ್ಮ ಹೊಲ ಅಂದರೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಎರಡನೇದು ಪೇಟೆಯ ಒಳಗಿನ ಹಳೇ ಮನೆ. ಜಾಗ ಬಂಗಾರದಂಥದು. ಪಿತ್ರಾರ್ಜಿತ ಆಸ್ತಿ, ಅಣ್ಣತಮ್ಮಂದಿರು ಮೂವರೂ ಸಹಿ ಮಾಡಲು ತಯಾರು. ನಮ್ಮ ವಕೀಲರು ಒಂದೇ ಮಾತು ಕೇಳಿದರು: "ಅಕ್ಕತಂಗ್ಯಾರು ಎಷ್ಟು ಮಂದಿ ಅದಾರ್ರಿ?" ಇಬ್ಬರಿದ್ದರು. "ಅವರಿಗೆ ಸೀರಿ, ಬಂಗಾರ ಕೊಟ್ಟ ಕಳಿಸೇವ್ರಿ, ಅವರೇನ ಕೇಳೂದಿಲ್ಲ" ಅಂತ ಉತ್ತರ ಬಂತು. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಂತೆ ಹುಟ್ಟಿನಿಂದಲೇ ಸಮಪಾಲು ಅಂತ ನಮ್ಮ ರಾಜ್ಯದಲ್ಲಿ 1994ರಲ್ಲೇ ಕಾಯ್ದೆ ಆಗಿತ್ತು, 2005ರಲ್ಲಿ ದೇಶಕ್ಕೆಲ್ಲ ಬಂತು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು, 2005ರಲ್ಲಿ ತಂದೆ ಬದುಕಿರಲಿ ಬಿಡಲಿ ಮಗಳ ಪಾಲು ಇದ್ದೇ ಇದೆ ಅಂತ ಹೇಳಿತು. ಅವರೂ ಖರೀದಿ ಪತ್ರಕ್ಕೆ ಸಹಿ ಮಾಡಬೇಕು. ಇಲ್ಲಾಂದ್ರೆ ನೋಂದಣಿ ಮಾಡಿದ ಹಕ್ಕು ಬಿಡುಗಡೆ ಪತ್ರ ಬೇಕು. ಎರಡೂ ಆಗಲಿಲ್ಲ, ಬಿಟ್ಟೆವು. ನಮ್ಮ ಹೆಣ್ಣುಮಗಳ ಪಾಲನ್ನು ಇನ್ನೊಬ್ಬರು ಹೀಗೆ ಕೊಂಡರೆ ನಮಗೆ ಹೇಗಾಗಬೇಕು ಅನ್ನುವುದನ್ನೂ ವಿಚಾರ ಮಾಡಬೇಕಲ್ಲ.

ಮೂರನೇದು ನದಿ ಹತ್ತಿರದ ಊರಿನಲ್ಲಿ ಒಂದು ಮನೆ. ಅರ್ಧ ದರ. 2019ರ ಆಗಸ್ಟ್ ಪ್ರವಾಹದಲ್ಲಿ ಗೋಡೆಗೆ ನೀರು ನಿಂತ ಗೆರೆ ಸುಣ್ಣದ ಒಳಗಿಂದ ಇನ್ನೂ ಕಾಣುತ್ತಿತ್ತು. ಅದನ್ನು ಕಂಡ ಮೇಲೆ ಕಾಗದ ಕೇಳಲೇ ಇಲ್ಲ.

ಕಾಗದದ ಪರೀಕ್ಷೆ

ನಾಲ್ಕನೇದು ನಾವು ಕೊಂಡದ್ದು. ಎನ್‌ಎ ಆದ ಬಡಾವಣೆ. 20 ಅಡಿ ಅಗಲ, 40 ಅಡಿ ಉದ್ದ. 2004ರಲ್ಲಿ ಕಟ್ಟಿದ ಸ್ಲ್ಯಾಬ್ ಮನೆ, ಎರಡು ಭಾಗ. ಒಂದೊಂದರಲ್ಲಿ ಪಡಸಾಲೆ, ಒಂದು ಖೋಲಿ, ಅಡುಗೆ ಮನೆ. ಮಾಲಕರು ಮಗನ ಹತ್ತಿರ ಬೇರೆ ಊರಿಗೆ ಹೋಗುವವರಿದ್ದರು. 12 ಲಕ್ಷ ಹೇಳಿದ್ದು 11 ಲಕ್ಷಕ್ಕೆ ಬಂತು. ಇಸಾರ ಕೊಡುವ ಮೊದಲು ನಾವು ಕೇಳಿ ಪಡೆದ ಕಾಗದ ಇವು:

1. ಎನ್‌ಎ ಆದೇಶ ಮತ್ತು ಮಂಜೂರಾದ ಬಡಾವಣೆ ನಕ್ಷೆ. ನಕ್ಷೆಯಲ್ಲಿ ನಮ್ಮ ಪ್ಲಾಟಿನ ನಂಬರು ಮನೆಗೆಂದೇ ಇದೆಯೋ, ಬಯಲು ಜಾಗದಲ್ಲಿ ಇದೆಯೋ ನೋಡಬೇಕು.

2. ಹಿಂದಿನ ಖರೀದಿ ಪತ್ರಗಳು, ಒಂದಕ್ಕೊಂದು ಕೊಂಡಿ ಕೂಡುವಂತೆ. ಯಾರಿಂದ ಯಾರಿಗೆ ಬಂತು ಅನ್ನುವುದರಲ್ಲಿ ನಡುವೆ ತುಂಡಾಗಬಾರದು.

3. ಋಣಭಾರ ಪ್ರಮಾಣ ಪತ್ರ, ಅಂದರೆ ಇಸಿ. ನಾವು 30 ವರ್ಷದ್ದು ತೆಗೆಸಿದೆವು. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಕೊಡುತ್ತಾರೆ. ಈಗ ಇದು 'ಕಾವೇರಿ' ತಂತ್ರಾಂಶದಲ್ಲಿ ಸಿಗುತ್ತದೆ. ಆದರೆ ಇಸಿಯಲ್ಲಿ ಬರುವುದು ನೋಂದಣಿ ಆದದ್ದು ಮಾತ್ರ. ಬಾಯಿ ಮಾತಿನ ವಾಟ್ನಿ, ನೋಂದಣಿ ಆಗದ ಇಸಾರ ಚೀಟಿ ಅದರಲ್ಲಿ ಕಾಣುವುದಿಲ್ಲ. ಕೋರ್ಟಿನಲ್ಲಿ ದಾವೆ ಇದೆಯೇ ಅನ್ನುವುದನ್ನು ವಕೀಲರಿಂದ ಬೇರೆಯಾಗಿ ನೋಡಿಸಬೇಕು.

4. ನಗರಸಭೆ ಉತಾರ, ತುಂಬಿದ ಮನೆಪಟ್ಟಿ ಪಾವತಿ, ಕಟ್ಟಡ ಪರವಾನಗಿ.

5. ಕರೆಂಟು, ನೀರಿನ ಬಾಕಿ ಇಲ್ಲವೆಂಬ ಪಾವತಿ.

ನಾವು ಕೊಂಡ ಮೇಲೆ ಒಂದು ಬದಲಾವಣೆ ಬಂದಿದೆ. 2024ರ ಅಕ್ಟೋಬರ್‌ನಿಂದ ಪೇಟೆಯ ಆಸ್ತಿಗೆ ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ. ಗ್ರಾಮ ಪಂಚಾಯತಿ ಆಸ್ತಿಗೆ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು. ಕೆಲವರು "ಖಾತಾ ಆಗೈತಿ, ಇನ್ನೇನ ಬೇಕು?" ಅನ್ನುತ್ತಾರೆ. ಖಾತಾ ಅಂದರೆ ತೆರಿಗೆ ಯಾರು ತುಂಬಬೇಕು ಅನ್ನುವುದರ ಪುಸ್ತಕ. ಮಾಲಕತ್ವ ಬರುವುದು ನೋಂದಣಿ ಆದ ಪತ್ರದಿಂದ. 2025ರ ಫೆಬ್ರುವರಿಯಲ್ಲಿ ಅನಧಿಕೃತ ಬಡಾವಣೆಗಳಿಗೆ ಬಿ-ಖಾತಾ ಕೊಡುವ ಅಭಿಯಾನ ಶುರುವಾಯಿತು. ಬಿ-ಖಾತಾ ಸಿಕ್ಕರೆ ಎನ್‌ಎ ಆದಂತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನೊಂದು ಕೆಲಸ ಕಾಗದದಲ್ಲಿ ಇಲ್ಲದ್ದು. ಟೇಪು ಹಿಡಿದು ನಾಲ್ಕೂ ಕಡೆ ಅಳತೆ ಮಾಡಿ, ಚಕ್ಕುಬಂದಿಯನ್ನು ಪತ್ರಕ್ಕೆ ತಾಳೆ ನೋಡಿದೆವು. ನೆರೆಮನೆಯವರ ಕಟ್ಟೆ ಮೇಲೆ ಅರ್ಧ ತಾಸು ಕುಳಿತು ಚಹಾ ಕುಡಿದೆವು. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಮಳೆಗಾಲದಲ್ಲಿ ಗಟಾರ ತುಂಬುತ್ತದೋ, ಗೋಡೆಯ ಜಗಳ ಏನಾದರೂ ಇದೆಯೋ ಅನ್ನುವುದೆಲ್ಲ ಅಲ್ಲೇ ತಿಳಿಯಿತು. ಮಾಲಕರು ನಕ್ಕು "ಏನ್ರಿ ಯಜಮಾನ್ರ, ಮಗಳನ್ನ ಕೊಡಾಕ ಮನಿತನ ನೋಡಿದಂಗ ನೋಡಾಕತ್ತೀರಿ" ಅಂದರು. ಹಾಗೇ ನೋಡಬೇಕು. ಹದಿಮೂರು ವರ್ಷದ ದುಡಿಮೆ ಅದು.

ಒಟ್ಟು ಖರ್ಚು

ಮನೆಯ ದರ ಕೈಯಲ್ಲಿದ್ದರೆ ಮನೆ ಬಂತು ಅಂತ ತಿಳಿಯಬಾರದು. ನಮ್ಮ ಖರ್ಚು ಹೀಗಿದೆ:

ಮನೆಯ ದರ — 11,00,000 ರೂ.
ಮುದ್ರಾಂಕ, ಸೆಸ್, ನೋಂದಣಿ ಸೇರಿ ಶೇ. 6.6 — 72,600 ರೂ.
ವಕೀಲರು, ಬಾಂಡ್ ರೈಟರ್, ಇಸಿ, ಓಡಾಟ — 15,400 ರೂ.
ದುರಸ್ತಿ — 1,12,000 ರೂ.
ಒಟ್ಟು — 13,00,000 ರೂ.

ಆಗ ನೋಂದಣಿ ಶುಲ್ಕ ಶೇ. 1 ಇತ್ತು. 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಇದೇ ಮನೆಯನ್ನು ಆಮೇಲೆ ಇದೇ ದರಕ್ಕೆ ಕೊಂಡಿದ್ದರೆ 11,000 ರೂಪಾಯಿ ಹೆಚ್ಚು ಹೋಗುತ್ತಿತ್ತು. ಖರೀದಿ ಪತ್ರದಲ್ಲಿ ನನ್ನ ಮತ್ತು ನಮ್ಮ ಮನೆಯಾಕಿಯ ಹೆಸರು ಎರಡೂ ಇವೆ. ಎಮ್ಮೆ ಹಾಲಿನ ರೊಕ್ಕ ಆಕೆಯದು.

ದುರಸ್ತಿಯಲ್ಲಿ ದೊಡ್ಡ ಖರ್ಚು ಎರಡು. ಒಂದು, ಎರಡನೇ ಪಾಯಿಖಾನೆ ಮತ್ತು ಬಚ್ಚಲು. ಎರಡು ಕುಟುಂಬಕ್ಕೆ ಒಂದೇ ಇದ್ದರೆ ಜಗಳ ತಪ್ಪಿದ್ದಲ್ಲ, ಕಾಯಂ ಬಾಡಿಗೆದಾರರು ನಿಲ್ಲುವುದಿಲ್ಲ. ಎರಡು, ಹೆಸ್ಕಾಂನಿಂದ ಬೇರೆ ಬೇರೆ ಮೀಟರ್. ಅದರ ಗುಣ 2023ರಲ್ಲಿ ಗೃಹಜ್ಯೋತಿ ಬಂದಾಗ ತಿಳಿಯಿತು. 200 ಯುನಿಟ್ ಒಳಗಿನ ಉಚಿತ ಕರೆಂಟು ಬಾಡಿಗೆದಾರರಿಗೂ ಇದೆ, ಆದರೆ ಅದು ಮೀಟರಿನ ಆರ್‌ಆರ್ ನಂಬರಿನ ಮೇಲೆ. ಒಂದೇ ಮೀಟರಿನಲ್ಲಿ ಎರಡು ಸಂಸಾರ ಇದ್ದರೆ ಯುನಿಟ್ ಬೇಗ ಮೀರುತ್ತದೆ. ಈಗ ಮನೆ ಕೇಳಲು ಬಂದವರು ಮೊದಲು ಕೇಳುವುದೇ "ಮೀಟರ್ ಬ್ಯಾರೆ ಐತೇನ್ರಿ ಕಾಕಾ?" ಅಂತ.

ಸಾಲ ಎಷ್ಟು, ಎಲ್ಲಿ

13 ಲಕ್ಷದಲ್ಲಿ ನಮ್ಮದು 8 ಲಕ್ಷ, ಸಾಲ 5 ಲಕ್ಷ. ಬ್ಯಾಂಕಿನವರು ಇನ್ನೂ ಹೆಚ್ಚು ಕೊಡಲು ತಯಾರಿದ್ದರು. ಸಣ್ಣ ಮನೆ ಸಾಲಕ್ಕೆ ಆಸ್ತಿ ದರದ ಶೇ. 90ರ ತನಕ ಕೊಡಲು ರಿಜರ್ವ್ ಬ್ಯಾಂಕಿನ ನಿಯಮ ಅವಕಾಶ ಕೊಟ್ಟಿದೆ. ಕೊಡುತ್ತಾರೆ ಅಂತ ತೆಗೆದುಕೊಳ್ಳುವುದಲ್ಲ. ಬಾಡಿಗೆ ಎಷ್ಟು ಹೊರುತ್ತದೋ ಅಷ್ಟೇ ಸಾಲ. ಎತ್ತಿನ ತಾಕತ್ತು ನೋಡಿ ಗಾಡಿ ಹೇರಬೇಕು.

ರೈತನ ಹತ್ತಿರ ಪಗಾರದ ಚೀಟಿ ಇರುವುದಿಲ್ಲ. ಮಗನನ್ನು ಸಹ-ಸಾಲಗಾರ ಮಾಡಿದ್ದರಿಂದ ಮನೆ ಸಾಲವೇ ಸಿಕ್ಕಿತು. 15 ವರ್ಷ, ಶುರುವಿಗೆ ಬಡ್ಡಿ ಶೇ. 7, ಕಂತು ಸುಮಾರು 4,500. ಒಂದು ಗೊತ್ತಿರಲಿ, ಮನೆ ಸಾಲದ ಬಡ್ಡಿ ಸಾಮಾನ್ಯವಾಗಿ ಏರಿಳಿಯುವಂಥದು. 2022ರ ಮೇ ತಿಂಗಳಿಂದ 2023ರ ಫೆಬ್ರುವರಿ ಒಳಗೆ ರಿಜರ್ವ್ ಬ್ಯಾಂಕು ರೆಪೊ ದರವನ್ನು ಶೇ. 4ರಿಂದ 6.5ಕ್ಕೆ ಏರಿಸಿತು. ನಮ್ಮ ಬಡ್ಡಿ ಶೇ. 9.5 ಆಯಿತು, ಕಂತು 5,200ಕ್ಕೆ ಹೋಯಿತು. 2025ರಲ್ಲಿ ಹಂತ ಹಂತವಾಗಿ ಇಳಿಯಿತು ಅನ್ನಿ. ಸಾಲದ ಲೆಕ್ಕ ಹಾಕುವಾಗ ಇವತ್ತಿನ ಬಡ್ಡಿಗಿಂತ ಎರಡೂವರೆ ಹೆಚ್ಚು ಹಿಡಿದು ಹಾಕಬೇಕು. ಆಗಲೂ ತಾಳುತ್ತದೆ ಅಂದರೆ ಮುಂದೆ ಹೋಗಬಹುದು.

ಅದೇ 5 ಲಕ್ಷವನ್ನು ಪತ್ತಿನ ಸಂಘದಿಂದ ಶೇ. 12ಕ್ಕೆ, 10 ವರ್ಷಕ್ಕೆ ತೆಗೆದಿದ್ದರೆ ಕಂತು ಸುಮಾರು 7,175 ಆಗುತ್ತಿತ್ತು. ಅಷ್ಟು ಬಾಡಿಗೆ ಈ ಮನೆಗೆ ಬರುವುದಿಲ್ಲ. ಕಾಗದ ಸರಿ ಇಲ್ಲದ ಮನೆಗೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ, ಆಗ ಜನ ಹೆಚ್ಚು ಬಡ್ಡಿಯ ಕಡೆ ಹೋಗುತ್ತಾರೆ. ಬ್ಯಾಂಕು ಬೇಡ ಅಂದ ಮನೆ ನಮಗೂ ಬೇಡ, ಅಷ್ಟೇ.

ಇನ್ನು ಬೆಳೆಸಾಲ. ಸೊಸಾಯಿಟಿಯ ಶೂನ್ಯ ಬಡ್ಡಿ ಸಾಲದ ಮಿತಿ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಅದನ್ನೇ ಎತ್ತಿ ಮನೆಗೆ ಹಾಕೋಣ ಅನ್ನುವವರಿದ್ದಾರೆ. ಅದು ಬೀಜ ಗೊಬ್ಬರದ ರೊಕ್ಕ, ಗಡುವಿನೊಳಗೆ ತಿರುಗಿ ಕಟ್ಟಿದರೆ ಮಾತ್ರ ಬಡ್ಡಿ ಇಲ್ಲ. ಗೋಡೆ ಒಂದು ವರ್ಷಕ್ಕೆ ಫಲ ಕೊಡುವುದಿಲ್ಲ.

'ಲೀಸ್' ಅಂತ ಇನ್ನೊಂದು ದಾರಿ ಇದೆ. ಬಾಡಿಗೆ ಇಲ್ಲದೆ ಮೂರು ವರ್ಷಕ್ಕೆ ಎರಡು ಮೂರು ಲಕ್ಷ ಒಮ್ಮೆಲೇ ತೆಗೆದುಕೊಳ್ಳುವುದು. ಸಾಲ ಕಡಿಮೆ ಮಾಡಲು ಚಲೋ ಕಾಣುತ್ತದೆ. ಆದರೆ ಅವಧಿ ಮುಗಿದ ದಿನ ಆ ಗಂಟು ಕೊಡಬೇಕು. ಆ ವರ್ಷ ಮಳೆ ಆಗದಿದ್ದರೆ ಎಲ್ಲಿಂದ ತರುವುದು? ನಾವು ಆ ದಾರಿ ಹಿಡಿಯಲಿಲ್ಲ.

ಬಾಡಿಗೆದಾರರ ಸಂಗಡ

ಒಂದು ಭಾಗ 3,200, ಇನ್ನೊಂದು 3,000 ರೂಪಾಯಿಗೆ ಕೊಟ್ಟೆವು. ಡಿಪಾಜಿಟ್ ತಲಾ 15,000. ಈ 30,000 ನಮ್ಮದಲ್ಲ, ಅವರದು. ಬೇರೆ ಠೇವಣಿ ಮಾಡಿ ಇಟ್ಟಿದ್ದೇವೆ. ಮನೆ ಬಿಡುವ ದಿನವೇ ಲೆಕ್ಕ ಮಾಡಿ ಕೊಟ್ಟರೆ ನಮ್ಮ ಹೆಸರು ಉಳಿಯುತ್ತದೆ, ಅವರೇ ಮುಂದಿನ ಬಾಡಿಗೆದಾರರನ್ನು ಕಳಿಸುತ್ತಾರೆ.

ಕರಾರು 11 ತಿಂಗಳದ್ದು. ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಬೇಕಾಗುತ್ತದೆ, ಅದಕ್ಕೆ ಈ ಪದ್ಧತಿ. ಬಾಡಿಗೆ, ಡಿಪಾಜಿಟ್, ಬಿಡುವ ಮೊದಲು ಒಂದು ತಿಂಗಳ ಸೂಚನೆ, ಕರೆಂಟು ನೀರಿನ ಬಿಲ್ಲು ಯಾರದು, ಪ್ರತಿ ಹೊಸ ಕರಾರಿಗೆ ಎಷ್ಟು ಏರಿಕೆ ಅನ್ನುವುದೆಲ್ಲ ಅದರಲ್ಲಿ ಬರೆಸಿದ್ದೇವೆ. ಆಧಾರ್ ಪ್ರತಿ ಇಟ್ಟುಕೊಳ್ಳುತ್ತೇವೆ. ಜಾತಿ ಕೇಳುವುದಿಲ್ಲ. ದುಡಿಯುವವರೋ, ನೆರೆಹೊರೆ ಸಂಗಡ ಹೊಂದುವವರೋ ಅಷ್ಟೇ ನೋಡುತ್ತೇವೆ. ಬಾಡಿಗೆ ಈಗ ಫೋನಿನಲ್ಲೇ ಖಾತೆಗೆ ಬರುತ್ತದೆ. ಆದರೂ ಒಂದು ಸಣ್ಣ ವಹಿಯಲ್ಲಿ ಬರೆದು ಇಬ್ಬರೂ ಸಹಿ ಮಾಡುತ್ತೇವೆ.

ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲ, ಬಾಡಿಗೆಗೆ ಇದೆ. ನಗರಸಭೆಗೆ ತುಂಬಿದ ಪಟ್ಟಿ ಕಳೆದು, ಉಳಿದದ್ದರಲ್ಲಿ ಶೇ. 30 ದುರಸ್ತಿಗೆಂದು ಬಿಟ್ಟು ಮಿಕ್ಕದ್ದನ್ನು ಆದಾಯ ಅಂತ ಹಿಡಿಯುತ್ತಾರೆ. ನಮ್ಮಷ್ಟು ಸಣ್ಣ ಬಾಡಿಗೆ ಒಂದಕ್ಕೇ ತೆರಿಗೆ ಬೀಳುವುದಿಲ್ಲ, ಆದರೆ ಲೆಕ್ಕ ಇಟ್ಟಿರಬೇಕು.

ಬರದ ವರ್ಷದ ಲೆಕ್ಕ

2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರಕಾರವೇ ಘೋಷಿಸಿತು. ನಮ್ಮ ಎರಿ ಹೊಲದಲ್ಲಿ ಬಿತ್ತಿದ ಜೋಳ ಮೊಳಕಾಲಿಗೆ ಬಂದು ನಿಂತಿತು. ಕಣಿಕೆ ಎಮ್ಮೆಗೆ ಸಾಲಲಿಲ್ಲ, ಮೇವು ಕೊಂಡೆವು. ಆ 2023–24ರಲ್ಲಿ ಮನೆಯ ಲೆಕ್ಕ ಹೀಗೆ:

ಪೂರ್ತಿ ಬಾಡಿಗೆ ಬಂದಿದ್ದರೆ — 74,400 ರೂ.
ಒಂದು ಭಾಗ ಎರಡು ತಿಂಗಳು ಖಾಲಿ — ಕಳೆ 6,000 ರೂ.
ಕೈಗೆ ಬಂದದ್ದು — 68,400 ರೂ.
ಮನೆಪಟ್ಟಿ, ದುರಸ್ತಿ, ಓಡಾಟ — ಕಳೆ 11,400 ರೂ.
ನಿವ್ವಳ — 57,000 ರೂ.
ವರ್ಷದ ಕಂತು — 62,400 ರೂ.
ಕೈಯಿಂದ ಹಾಕಿದ್ದು — 5,400 ರೂ.

ಈ 5,400 ರೂಪಾಯಿ ಬಂದದ್ದು ಮೊದಲು ಹೇಳಿದ ಕೈಗಾವಲು ರೊಕ್ಕದಿಂದ. ಅದನ್ನೂ ಗೋಡೆಗೆ ಹಾಕಿದ್ದರೆ ಎಮ್ಮೆ ಮಾರಬೇಕಾಗುತ್ತಿತ್ತು. ಆರು ಕಂತಿನಷ್ಟು ರೊಕ್ಕ ಯಾವಾಗಲೂ ಬೇರೆ ಇರಬೇಕು.

ಈಗ ನೇರ ಲೆಕ್ಕಕ್ಕೆ ಬರೋಣ. 13 ಲಕ್ಷಕ್ಕೆ 57,000 ಅಂದರೆ ನೂರಕ್ಕೆ ನಾಲ್ಕೂ ಮುಕ್ಕಾಲಿಗಿಂತ ಕಡಿಮೆ, ನಿಖರವಾಗಿ 4.38. ಅದೇ ವರ್ಷ ಬ್ಯಾಂಕಿನ ಠೇವಣಿಗೆ ಶೇ. 7ರ ಹತ್ತಿರ ಇತ್ತು. ನಮ್ಮ 8 ಲಕ್ಷವನ್ನು ಅಲ್ಲಿ ಇಟ್ಟಿದ್ದರೆ ಕುಳಿತಲ್ಲೇ 56,000 ಬರುತ್ತಿತ್ತು. ಮಗ ಹೇಳಿದ್ದು ಸುಳ್ಳಲ್ಲ ಅಂದದ್ದು ಇದಕ್ಕೇ. ಬಾಡಿಗೆ ಮನೆಯಿಂದ ಬೇಗ ಶ್ರೀಮಂತರಾಗುತ್ತೇವೆ ಅನ್ನುವವರು ಈ ಎರಡು ಸಾಲು ಮತ್ತೊಮ್ಮೆ ಓದಬೇಕು.

ಹಾಗಾದರೆ ಯಾಕೆ? ಮೂರು ಕಾರಣ. ಒಂದು, ಠೇವಣಿ ಇದ್ದಷ್ಟೇ ಇರುತ್ತದೆ, ಬಾಡಿಗೆ ಏರುತ್ತದೆ. ನಮ್ಮ 6,200 ಈಗ 7,000 ಆಗಿದೆ. ಕಂತು ಕಳೆದು ಸ್ವಲ್ಪ ಉಳಿಯತೊಡಗಿದೆ. ಎರಡು, ಬರದ ವರ್ಷ ಬಾಡಿಗೆದಾರರ ಪಗಾರಕ್ಕೆ ನಮ್ಮ ಹೊಲದ ಮಳೆ ಸಂಬಂಧ ಇಲ್ಲ. ಹೊಲ ಒಣಗಿದಾಗಲೂ ಆ ತಿಂಗಳ ಬಾಡಿಗೆ ಬಂತು. ಮೂರು, 2037ಕ್ಕೆ ಸಾಲ ಮುಗಿಯುತ್ತದೆ. ಆಗ ನನಗೆ ಅರವತ್ತು ದಾಟಿರುತ್ತದೆ. ಆಮೇಲೆ ಬರುವ ಬಾಡಿಗೆಯೆಲ್ಲ ನಮ್ಮದು. ರೈತ ತಾನೇ ಕಟ್ಟಿಕೊಂಡ ಪೆನ್ಶನ್ ಅದು.

ಪರಿಹಾರದ ರೊಕ್ಕ ಬರುವವರಿಗೆ

ಈ ಮಾತು ನಮ್ಮ ಸೀಮೆಯವರಿಗೆ ಜರೂರು. ಆಲಮಟ್ಟಿ ಆಣೆಕಟ್ಟನ್ನು 519.60 ಮೀಟರಿನಿಂದ 524.256 ಮೀಟರಿಗೆ ಎತ್ತರಿಸುವ ಯೋಜನೆಗೆ 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಪರಿಹಾರ ದರ ಗೊತ್ತು ಮಾಡಿತು. ಒಪ್ಪಿಗೆ ಕೊಟ್ಟರೆ ಮುಳುಗಡೆಯ ನೀರಾವರಿ ಹೊಲಕ್ಕೆ ಎಕರೆಗೆ 40 ಲಕ್ಷ, ಒಣ ಹೊಲಕ್ಕೆ 30 ಲಕ್ಷ. ಅಂಥ ರೊಕ್ಕ ಬರುತ್ತದೆ ಅನ್ನುವ ಸುದ್ದಿಗೇ ಪ್ಲಾಟ್ ಮಾರುವವರು ಊರೊಳಗೆ ಬರುತ್ತಾರೆ.

ಪರಿಹಾರ ಅಂದರೆ ಆದಾಯವಲ್ಲ, ಹೊಲ ಹೋಗಿ ಬಂದ ರೊಕ್ಕ. ಅದರಲ್ಲಿ ಮೊದಲು ಹೊಲ, ಮೇಲ್ಗಡೆ ಎಲ್ಲಿಯಾದರೂ ಸರಿ. ಆಮೇಲೆ ಇರಲು ಮನೆ. ಬಾಡಿಗೆ ಮನೆ ಅನ್ನುವುದು ಮೂರನೇದು, ಅದೂ ಕಾಗದ ಸರಿ ಇದ್ದರೆ. ಕೊಳ್ಳುವ ಜಾಗ ಮುಳುಗಡೆ ನಕ್ಷೆಯಲ್ಲಿ ಇದೆಯೋ ಅಂತ ಭೂಸ್ವಾಧೀನ ಕಚೇರಿಯಲ್ಲಿ ಸರ್ವೆ ನಂಬರು ಹೇಳಿ ಕೇಳಬೇಕು. ಒಮ್ಮೆ ಮುಳುಗಿದವರು ರೊಕ್ಕ ಕೊಟ್ಟು ಮತ್ತೊಮ್ಮೆ ಮುಳುಗಬಾರದು.

ಕೊನೆಗೆ, ಮನೆ ಕೊಳ್ಳುವ ವಿಚಾರದಲ್ಲಿ ಇರುವವರಿಗೆ ನಮ್ಮ ಅನುಭವದ ಐದು ಮಾತು:

— ಹೊಲ ಮಾರಿ, ಹೊಲ ಒತ್ತೆ ಇಟ್ಟು ಬಾಡಿಗೆ ಮನೆ ಕೊಳ್ಳುವುದು ಬೇಡ.
— ದರದ ಮೇಲೆ ಶೇ. 15ರಿಂದ 20 ಬೇರೆ ಖರ್ಚಿಗೆ ಇಟ್ಟುಕೊಳ್ಳಿ.
— ವರ್ಷದ ಬಾಡಿಗೆಯನ್ನು ಹನ್ನೆರಡು ತಿಂಗಳಿಗೆ ಬೇಡ, ಹತ್ತು ತಿಂಗಳಿಗೆ ಲೆಕ್ಕ ಹಾಕಿ.
— ಎಲ್ಲ ವಾರಸುದಾರರ ಸಹಿ, ಅದರಲ್ಲೂ ಹೆಣ್ಣುಮಕ್ಕಳದು, ಇಲ್ಲದೆ ಇಸಾರ ಕೊಡಬೇಡಿ.
— ವಕೀಲರಿಗೆ ಕೊಡುವ ಐದಾರು ಸಾವಿರ ಉಳಿಸಲು ಹೋಗಬೇಡಿ.

ನಮ್ಮಂತೆ ಸಣ್ಣ ಗಂಟಿನಲ್ಲಿ ಬಾಡಿಗೆ ಮನೆ, ಅಂಗಡಿ ಮಳಿಗೆ ಮಾಡಿದ ರೈತರು ಬೇರೆ ಕಡೆಯೂ ಇರುತ್ತಾರೆ. ಅವರು ತಮ್ಮ ಲೆಕ್ಕ ಬರೆದರೆ ನಮಗೂ ಹೊಸದು ತಿಳಿಯುತ್ತದೆ. ಲಾಭದ ವರ್ಷದ್ದಷ್ಟೇ ಬೇಡ, ಮನೆ ಖಾಲಿ ಬಿದ್ದ ತಿಂಗಳಿನದೂ ಬರೆಯಲಿ.